ಎಂಟನೇ ಅಳತೆಯ ಬೂಟು

ಈಸ್ಟ್ ಲಂಡನ್ ಅಂದರೆ ಲಂಡನ್ ಅಲ್ಲ,
ಹಿಂದೂ ಮಹಾಸಾಗರದ ಉಪ್ಪುಗಾಳಿಗೆ ಕಿಟಕಿಯ ಸರಳು
ಎರಡೇ ವರ್ಷಕ್ಕೆ ಹಕ್ಕಳೆ ಏಳುವ ಊರು.
ಇಲ್ಲಿಯ ವಿಶ್ವವಿದ್ಯಾಲಯದ ಫೀಸು ವಿಭಾಗ, ನಾಲ್ಕನೇ ಕೌಂಟರು.
ಗಾಜಿನ ಈಚೆ ನಾನು, ಡೆಲಿಯಾ ಅರೆಂಡ್ಸ,
ಇಪ್ಪತ್ತಮೂರು ಫೆಬ್ರವರಿಗಳಿಂದ.

ಫೆಬ್ರವರಿ ಅಂದರೆ ಸಾಲು.
ರಾತ್ರಿಯೇ ಬಂದು ಗೋಡೆಗೊರಗಿ ನಿದ್ದೆಹೋದವರು,
ಟ್ರಾನ್ಸ್‌ಕೈಯ ಗುಡ್ಡಗಳಿಂದ ಮೂರು ಟ್ಯಾಕ್ಸಿ ಬದಲಿಸಿದವರು,
ಪ್ಲಾಸ್ಟಿಕ್ ಚೀಲದೊಳಗೆ ಅಂಕಪಟ್ಟಿ,
ಅಂಕಪಟ್ಟಿಯ ಮಡಿಕೆಯೊಳಗೆ ಅಜ್ಜಿಯ ಪಿಂಚಣಿಯ ನೋಟು.
ಎರಡನೇ ಮಹಡಿಗೆ ಹೋಗಿ, ಅನ್ನುತ್ತೇವೆ ನಾವು.
ನಾಲ್ಕನೇ ಕೌಂಟರಿಗೆ ಹೋಗಿ, ಅನ್ನುತ್ತದೆ ಎರಡನೇ ಮಹಡಿ.
ಚಪ್ಪಲಿ ಸವೆಸುವುದು ಅನ್ನುತ್ತಾರಲ್ಲ,
ಅದು ಬರೀ ಮಾತಲ್ಲ, ಕಣ್ಣಾರೆ ಕಂಡಿದ್ದೇನೆ,
ಹಿಮ್ಮಡಿಯ ತೂತಿನಲ್ಲಿ ನೆಲ ಕಾಣುವಷ್ಟು.

ಅದಕ್ಕೇ ಇರಬೇಕು, ಕೆಳಗಿನ ಡ್ರಾಯರಿನಲ್ಲಿ
ಒಂದು ಜೊತೆ ಕರಿ ಬೂಟು ಇಟ್ಟೆ.
ಎಂಟನೇ ಅಳತೆ. ನನ್ನ ತಮ್ಮನದು.
ಸತ್ತವನ ಬೂಟು ಅಂತ ಯಾರಿಗೂ ಹೇಳಲಿಲ್ಲ.
ಸಂದರ್ಶನಕ್ಕೆ, ಮೌಖಿಕ ಪರೀಕ್ಷೆಗೆ,
ವಿದ್ಯಾರ್ಥಿವೇತನ ಕೊಡುವ ದೊಡ್ಡವರ ಎದುರು ನಿಲ್ಲಲು
ಅರ್ಧ ದಿನಕ್ಕೆ ಎರವಲು. ಬಾಡಿಗೆ ಇಲ್ಲ,
ಒರೆಸಿ ತಂದುಕೊಡಬೇಕು, ಅಷ್ಟೆ.
ಒಂದು ನೋಟುಬುಕ್ಕು: ಹೆಸರು, ಹೋದ ಹೊತ್ತು, ಬಂದ ಹೊತ್ತು.

ಲುಖಾನ್ಯೊನ ಕಾಲು ಏಳು. ಮುಂದೆ ಹಳೇ ಪೇಪರು ತುರುಕಿದ.
ಸಿಯಾಮ್ತಾಂಡನದು ಒಂಬತ್ತೂವರೆ. ಬೆರಳು ಮಡಚಿಕೊಂಡೇ ನಡೆದ,
ನದೀಮುಖದ ಕೆಸರಿನ ಬಗ್ಗೆ ನಲವತ್ತು ನಿಮಿಷ ಮಾತಾಡಿದ,
ರಕ್ತ ಹತ್ತಿದ ಕಾಲುಚೀಲ ಜೇಬಿಗಿಳಿಸಿ ನಗುತ್ತ ಬಂದ.
"ಆಂಟಿ, ಪಾಸು."
ಒಂದು ವರ್ಷವಂತೂ ಈ ಬೂಟು ಹದಿನೇಳು ಸಲ ಪಾಸಾಗಿದೆ.

ಇಷ್ಟಕ್ಕೇ ನಿಲ್ಲಿಸಿದರೆ ಸುಳ್ಳಾಗುತ್ತದೆ.
ಮೇಲಿನ ಡ್ರಾಯರಿನಲ್ಲಿ ಒಂದು ಮೊಹರಿದೆ:
ಬಾಕಿ ಇದೆ, ತಡೆಹಿಡಿಯಲಾಗಿದೆ.
ಬೂಟು ಕೊಟ್ಟ ಕೈಯೇ ಅದನ್ನೂ ಒತ್ತುತ್ತದೆ.
ವುಯಿಸಿಲೆ, ಗಣಿತ, ಮೂರನೇ ವರ್ಷ.
ಬೆಳಿಗ್ಗೆ ಬೂಟು ಒಯ್ದ,
ಮಧ್ಯಾಹ್ನ ಅವನ ಕಡತ ನನ್ನ ಮೇಜಿಗೆ ಬಂತು.
ಹನ್ನೊಂದು ಸಾವಿರ ರ‍್ಯಾಂಡ್.
ಒತ್ತಿದೆ.
ಹೆಸರು ನೋಡದೆ ಒತ್ತಿದೆ ಅಂದುಕೊಳ್ಳಲು ಇಷ್ಟ.
ನೋಡಿದ್ದೆ.
ಹೋದ ಹೊತ್ತು ಒಂಬತ್ತೂ ಹತ್ತು.
ಬಂದ ಹೊತ್ತಿನ ಮನೆ ಇಂದಿಗೂ ಖಾಲಿ.

ಹೊಸ ಜೊತೆ ಕೊಂಡೆ. ಅದೂ ಎಂಟೇ.
ಯಾರ ಅಳತೆ, ಅಂದ ಅಂಗಡಿಯವ. ಗೊತ್ತಿಲ್ಲ, ಅಂದೆ.
ಈಗ ಮೊಹರು ಎತ್ತುವ ಮುಂಚೆ
ಕಡತ ಕಂಕುಳಲ್ಲಿಟ್ಟು ನಾನೇ ಮಹಡಿ ಹತ್ತುತ್ತೇನೆ,
ಕಂತು ಮಾಡಿಕೊಡಿ, ಅನ್ನುತ್ತೇನೆ.
ಹತ್ತರಲ್ಲಿ ಮೂರಕ್ಕೆ ಒಪ್ಪುತ್ತಾರೆ.
ಮಂಡಿ ನೋಯುತ್ತದೆ. ಸವೆಯುತ್ತಿರುವುದು ಈಗ ನನ್ನ ಚಪ್ಪಲಿ.

ಹೋದ ಜೂನ್‌ನಲ್ಲಿ ಯೊಲೀಸ ಬಂದಳು, ಕಾನೂನು ಓದುವವಳು.
ಬೂಟು ಮುಂದಿಟ್ಟೆ. ನೋಡಿದಳು. ಮೆಲ್ಲಗೆ ಹಿಂದಕ್ಕೆ ಸರಿಸಿದಳು.
ಟೈರು ಕೊಯ್ದು ಮಾಡಿದ ತನ್ನ ಮೆಟ್ಟಿನಲ್ಲೇ ಒಳಗೆ ಹೋದಳು.
"ಮೊದಲು ಪಾದ ನೋಡಿದರು, ಆಂಟಿ.
ನಾನು ಬಾಯಿ ತೆರೆಯಲಿಲ್ಲ.
ಮುಖದವರೆಗೆ ಹತ್ತಿ ಬರಲಿ ಅಂತ ಕಾದೆ."
ಎಷ್ಟು ಹೊತ್ತು?
"ಬಹಳ."
ಆಯ್ಕೆಯಾಯಿತೆ ಅಂತ ಕೇಳಲಾಗಲಿಲ್ಲ. ಅವಳೂ ಹೇಳಲಿಲ್ಲ.

ಬೂಟು ಡ್ರಾಯರಿನಲ್ಲೇ ಇದೆ, ಎಲ್ಲರಿಗೂ ಯೊಲೀಸಳ ಎದೆ ಇರುವುದಿಲ್ಲ,
ಇರಲೇಬೇಕೆನ್ನುವುದೂ ಅನ್ಯಾಯ.
ಹೊರಗೆ ಸಾಲು ಮೂಲೆ ತಿರುಗಿದೆ.
ಮುಂದಿನವನು ಗಾಜಿಗೆ ಹಣೆ ಒತ್ತಿ ನನ್ನ ತುಟಿ ಓದುತ್ತಿದ್ದಾನೆ.
ಮೊದಲೆಲ್ಲ ಕಾಲಿನ ಅಳತೆ ಕೇಳುತ್ತಿದ್ದೆ.
ಈಗ ಬಾಕಿ ಎಷ್ಟು, ಅನ್ನುತ್ತೇನೆ.
ಮತ್ತೆ ಅದೇ ಉಸಿರಿನಲ್ಲಿ, ಊಟ ಆಯ್ತಾ?
ಯಾವುದಕ್ಕೆ ಮೊದಲು ಉತ್ತರಿಸಬೇಕೆಂದು
ಅವನಿಗೆ ತಿಳಿಯದು.